ಮೆಳ್ಳಗಣ್ಣಿನ ಕಲ್ಲು ಹುಡುಕಿಕೊಂಡು

ಜರ್ಮನಿಗೆ ಹೋಗಿ ಬಂದವಳು ಎಂದು ಗೊತ್ತಾದರೆ ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಹಿಮ ಬಿದ್ದಿತ್ತಾ? ಊಟಕ್ಕೆ ಏನು ಮಾಡಿದೆ? ಹಿಮ ಬೀಳಲಿಲ್ಲ. ಊಟಕ್ಕೆ ಹುರಿಹಿಟ್ಟು, ಚಟ್ನಿಪುಡಿ ಇತ್ತು, ಅದು ಮುಗಿದ ಮೇಲೆ ಅವರು ಕೊಟ್ಟ ಬ್ರೆಡ್ಡು. ಅಲ್ಲಿ ನೋಡಿದ್ದೇನು ಎಂದು ಕೇಳುವವರು ಕಡಿಮೆ. ಕೇಳಿದವರಿಗೆ ಇದ್ದದ್ದನ್ನೇ ಹೇಳುತ್ತೇನೆ. ಒಂದು ಸ್ಮಶಾನ ನೋಡಿ ಬಂದೆ. ಅದೂ ಕತ್ತಲಾದ ಮೇಲೆ, ಜನ ಬಿಟ್ಟು ಹೋದ ಊರಿನಲ್ಲಿ, ಬರಿಗಾಲಲ್ಲಿ ನಿಂತು. ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ. ಪಾಪ ಅನ್ನಿಸಿಕೊಳ್ಳುವ ಪ್ರಯಾಣ ಅದಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮೊದಲು

ನಮ್ಮದು ಕಲ್ಲಿನ ಕೆಲಸ. ತುರುವೇಕೆರೆಯಿಂದ ಮಾಯಸಂದ್ರಕ್ಕೆ ಹೋಗುವ ದಾರಿಯಲ್ಲಿ, ಎರಡೂ ಬದಿ ತೆಂಗಿನ ತೋಟ ಇರುವ ಕಡೆ, ತಗಡಿನ ಸೂರಿನ ಉದ್ದನೆಯ ಶೆಡ್ಡು. ಒಳಗೆ ಹದಿನಾಲ್ಕು ಜನ ಹೆಂಗಸರು ನೀರು ಹಾಕಿಕೊಂಡು ಕರಿಕಲ್ಲು ತಿಕ್ಕುತ್ತಿರುತ್ತಾರೆ. ಕಲ್ಲಿನ ಅಗಲದ ಮುಖವನ್ನು ಯಂತ್ರ ತಿಕ್ಕುತ್ತದೆ. ಅಂಚು, ಮೂಲೆ, ಬಾಗು ಇವೆಲ್ಲ ಕೈಯಲ್ಲೇ ಆಗಬೇಕು. ಕಲ್ಲಿನಲ್ಲಿ ಮುಖ ನೋಡಿಕೊಂಡು ಹಣೆಗೆ ಇಟ್ಟುಕೊಳ್ಳುವ ಹಾಗಾದರೆ ಅದು ಮುಗಿದ ಹಾಗೆ, ಅದೇ ನಮ್ಮ ಅಳತೆ. ತುರುವೇಕೆರೆ ಗಂಗಾಧರೇಶ್ವರನ ಗುಡಿಯ ಕರಿಕಲ್ಲಿನ ಬಸವಣ್ಣನನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ತಲೆಮಾರಿನಿಂದ ಆತನ ಮೈ ಹಾಗೇ ಹೊಳೆಯುತ್ತಿದೆ. ಆ ಕೈಗಳಿದ್ದ ಊರಿನವರು ನಾವು ಎಂಬ ಜಂಬ ನನಗೆ ಇದೆ, ಮುಚ್ಚಿಡುವುದಿಲ್ಲ.

ನಮ್ಮ ಕಲ್ಲು ಹೋಗುವುದು ಜರ್ಮನಿಯ ಗೋರಿಗಳಿಗೆ. ಅಲ್ಲಿನವರು ಸತ್ತವರ ತಲೆಯ ಹತ್ತಿರ ಅದನ್ನು ನಿಲ್ಲಿಸಿ ಹೆಸರು ಕೊರೆಸುತ್ತಾರೆ. ಕಲ್ಲು ಶೆಡ್ಡು ಬಿಡುವ ಮುಂಚೆ ನಮ್ಮಲ್ಲಿ ಒಂದು ಕೆಲಸ ಬಾಕಿ ಇರುತ್ತದೆ, ಕಣ್ಣು ಇಡುವುದು. ಕಲ್ಲಿನ ಬೆನ್ನ ಕಡೆ, ಬುಡದ ಮೂಲೆಯಲ್ಲಿ, ಸಣ್ಣ ಚಾಣ ಹಿಡಿದು ಸುತ್ತಿಗೆಯಿಂದ ಮೂರು ಪೆಟ್ಟು. ರಾಗಿ ಕಾಳು ಕೂರುವಷ್ಟು ಮೂರು ಕುಳಿ, ತೆಂಗಿನಕಾಯಿಯ ಮೂರು ಕಣ್ಣಿನ ಹಾಗೆ. ಇದು ನಮ್ಮ ಮಾವನವರ ತಾತನ ಕಾಲದ ಪದ್ಧತಿ. ಕಣ್ಣಿಲ್ಲದ ಕಲ್ಲು ಊರು ಬಿಡಬಾರದು, ದಾರಿ ಕಾಣಬೇಕಲ್ಲ ಎಂದು ಮಾವನವರು ಹೇಳುತ್ತಿದ್ದರು. ಆಚೆಯವರಿಗೆ ಇದನ್ನು ನಾವು ಹೇಳಿದವರೇ ಅಲ್ಲ. ದೃಷ್ಟಿಬೊಟ್ಟನ್ನು ಯಾರಾದರೂ ಕರೆದು ತೋರಿಸುತ್ತಾರೆಯೇ?

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೆಲವು ತಿಂಗಳು ಕಣ್ಣು ಇಡುವ ಕೆಲಸ ನನಗೆ ಕೊಟ್ಟಿದ್ದರು. ನಾನು ಎಡಚಿ. ಸುತ್ತಿಗೆ ಎಡಗೈಗೆ ಹೋಗುತ್ತದೆ, ಚಾಣ ಬಲಗೈಗೆ ಬರುತ್ತದೆ. ಎರಡು ಕುಳಿ ನೆಟ್ಟಗೆ ಬಿದ್ದರೆ ಮೂರನೆಯದು ಪ್ರತಿ ಸಲವೂ ಕೆಳಕ್ಕೆ ಜಾರಿ ಬಲಕ್ಕೆ ವಾಲುತ್ತಿತ್ತು. ಒಂದು ದಿನ ಮಾವನವರು ಎಲ್ಲರೆದುರಿಗೆ ಚಾಣ ಕಿತ್ತುಕೊಂಡರು.

“ಎಡಗೈನೋಳು ಇಟ್ಟ ಕಣ್ಣು ಮೆಳ್ಳಗಣ್ಣು ಕಣಮ್ಮಿ. ಇನ್ಮೇಲೆ ಇದನ್ನ ಮುಟ್ಬೇಡ. ತಿಕ್ಕೋ ಕೆಲ್ಸ ಮಾಡು, ಸಾಕು.”

ಮುಟ್ಟಲಿಲ್ಲ. ಮುಂದೆ ಶೆಡ್ಡಿನ ಪಾಲಿಶ್ ಎಲ್ಲ ನನ್ನ ಕೈಗೇ ಬಂತು, ಹದಿನಾಲ್ಕು ಜನಕ್ಕೆ ಕಲಿಸಿದವಳೂ ನಾನೇ. ಆದರೆ ಚಾಣ ಮಾತ್ರ ಮಾವನವರ ದಿಂಬಿನ ಕೆಳಗೆ ಉಳಿಯಿತು. ಆ ಬೇಜಾರು ನನ್ನಲ್ಲಿ ಹತ್ತು ಹನ್ನೆರಡು ವರ್ಷ ಹಾಗೇ ಕೂತಿತ್ತು.

ಅಷ್ಟರಲ್ಲಿ ಹೆಲ್ಮುಟ್ ಅವರ ಕಾಗದ ಬಂತು. ಮೊದಲಿನಿಂದ ನಮ್ಮ ಕಲ್ಲನ್ನೇ ತರಿಸಿಕೊಂಡು ಗೋರಿಗಳಿಗೆ ನಿಲ್ಲಿಸುತ್ತಿದ್ದ ಮುದುಕರು ಅವರು. ಈಚೆಗೆ ಬಂದ ಕಲ್ಲುಗಳು ಒಂದೇ ಮಳೆಗಾಲಕ್ಕೆ ಬೂದಿ ಬಣ್ಣಕ್ಕೆ ತಿರುಗಿವೆ, ಸತ್ತವರ ಮನೆಯವರು ಬಂದು ಬೈಯುತ್ತಿದ್ದಾರೆ, ಇನ್ನು ನಿಮ್ಮ ಕಲ್ಲು ಬೇಡ ಎಂದು ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ಇಷ್ಟು ವರ್ಷದ ನಂಟು, ಪಾಲಿಶ್ ಮಾಡಿದವರೇ ಒಮ್ಮೆ ಬಂದು ಕಣ್ಣಾರೆ ನೋಡಿ ಉತ್ತರ ಹೇಳಲಿ, ಟಿಕೆಟ್ ನಾನು ಕಳಿಸುತ್ತೇನೆ.

ಆ ಕಾಗದವನ್ನು ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದ್ದಾಯಿತು. ಅವರು ಬೇಡವೆಂದರೆ ಶೆಡ್ಡಿನ ಬಾಗಿಲು ಹಾಕಿದ ಹಾಗೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಕಲ್ಲು ಬಣ್ಣ ಬಿಟ್ಟಿತು ಎಂಬ ಮಾತು ನನಗೆ ನುಂಗಲಾರದ ತುತ್ತಾಯಿತು. ನಮ್ಮ ಮನೆಯವರಿಗೆ ಬಸ್ಸಿನಲ್ಲೇ ತಲೆ ಸುತ್ತುತ್ತದೆ. ಹಾಗಾಗಿ ನನ್ನ ಜೊತೆಗೆ ಹೊರಟವರು ತಿಪಟೂರಿನ ಮೆಕ್ಯಾನಿಕ್ ಬಾಷಾ ಸಾಬರು. ನಮ್ಮ ಯಂತ್ರಗಳನ್ನು ರಿಪೇರಿ ಮಾಡುವವರು ಅವರೇ. ಸೌದಿಯಲ್ಲಿ ಕೆಲಸ ಮಾಡಿ ಬಂದವರು, ಇಂಗ್ಲಿಷು ಬಲ್ಲವರು.

“ಏರ್‌ಪೋರ್ಟು ಅಂದ್ರೆ ನಂಗೆ ತಿಪಟೂರು ಬಸ್‌ಸ್ಟ್ಯಾಂಡ್ ಇದ್ದಂಗೆ ಕಣಕ್ಕ. ನೀ ಸುಮ್ನೆ ನನ್ ಹಿಂದೆ ಬಾ,” ಅಂದರು.

ವಿಮಾನ ಇಳಿದಲ್ಲಿ

ಅವರ ಹಿಂದೆಯೇ ಹೋದೆ. ಫ್ರಾಂಕ್‌ಫರ್ಟಿನಲ್ಲಿ ಇಬ್ಬರೂ ಒಂದೇ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದೆವು. ಬಾಷಾ ಸಾಬರು ಒಂದು ಸಲವೂ ದಾರಿ ತಪ್ಪಿತು ಎಂದು ಒಪ್ಪಿಕೊಳ್ಳಲಿಲ್ಲ.

ತಪಾಸಣೆಯ ಮೇಜಿನ ಹತ್ತಿರ ನನ್ನ ಚೀಲ ಬಿಚ್ಚಿಸಿದರು. ಪರರ ಮನೆಗೆ ಬರಿಗೈಲಿ ಹೋಗಬಾರದೆಂದು ಚಿಪ್ಪು ಸಮೇತ ಆರು ಕೊಬ್ಬರಿ ಗಿಟುಕು ತಂದಿದ್ದೆ. ವರ್ಷ ತುಂಬ ಅಟ್ಟದ ಮೇಲೆ ಒಣಗಿದ ಕಾಯಿ, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತದೆ. ಅಧಿಕಾರಿ ಒಂದನ್ನು ಎತ್ತಿ ಅಲ್ಲಾಡಿಸಿ ಹುಬ್ಬೇರಿಸಿದ. ಇನ್ನೊಬ್ಬನನ್ನು ಕರೆದ. ಅವನೂ ಅಲ್ಲಾಡಿಸಿದ. ಆಮೇಲೆ ಒಂದು ನಾಯಿ ಬಂತು. ನಾಯಿ ಮೂಸಿ ನೋಡಿ, ಬಾಲ ಅಲ್ಲಾಡಿಸಿ, ಕೊಬ್ಬರಿಯ ಮುಂದೆ ಕೂತುಬಿಟ್ಟಿತು.

“ಅಕ್ಕ, ಕೆಟ್ವಿ,” ಅಂದರು ಬಾಷಾ ಸಾಬರು.

ನಾನು ಒಂದು ಗಿಟುಕು ತೆಗೆದುಕೊಂಡು ಅವರ ಕಬ್ಬಿಣದ ಮೇಜಿನ ಅಂಚಿಗೆ ಕುಟ್ಟಿದೆ. ಚಿಪ್ಪು ಹೋಳಾಗಿ ಉಂಡೆ ಕೊಬ್ಬರಿ ಹೊರಗೆ ಬಂತು. ಮುರಿದು ನಾನೊಂದು ಚೂರು ಬಾಯಿಗೆ ಹಾಕಿಕೊಂಡೆ, ಅಧಿಕಾರಿಗೊಂದು ಕೊಟ್ಟೆ, ನಾಯಿಗೊಂದು ಕೊಟ್ಟೆ. ಆತ ಅಗಿದ, ಇನ್ನೂ ಸ್ವಲ್ಪ ಅಗಿದ, ಎರಡನೇ ಚೂರಿಗೆ ಕೈ ಚಾಚಿದ. ತಿಪಟೂರಿನ ಕೊಬ್ಬರಿ ಎಂದು ಹೇಳಿ ಎಂದು ಬಾಷಾ ಸಾಬರಿಗೆ ಹೇಳಿದೆ. ಊರಿನ ಹೆಸರನ್ನು ಆತ ಎರಡು ಸಲ ಹೇಳಿಸಿಕೊಂಡು ಕಲಿತ. ಆ ಅಧಿಕಾರಿಯ ಬಾಯಲ್ಲಿ ತಿಪಟೂರು ಅನ್ನುವ ಮಾತು ಕೇಳಿ ನನಗೆ ಪ್ರಯಾಣದ ಸುಸ್ತೆಲ್ಲ ಇಳಿಯಿತು.

ಹೆಲ್ಮುಟ್ ಅವರ ಅಂಗಳ

ಹೆಲ್ಮುಟ್ ಅವರು ಎತ್ತರದ ಆಳು, ಕೈ ನೋಡಿದರೆ ಕಲ್ಲಿನವರು ಎಂದು ಹೇಳಬಹುದು. ಬೆರಳ ಸಂದಿಯಲ್ಲಿ ಹೋಗದ ಬಿಳಿ ಧೂಳು. ನಮ್ಮನ್ನು ಮಾತಿನಲ್ಲಿ ಗೌರವದಿಂದಲೇ ಕಂಡರು, ಮುಖದಲ್ಲಿ ಮಾತ್ರ ನಗು ಇರಲಿಲ್ಲ. ಮಾರನೆಯ ದಿನ ಅಂಗಳಕ್ಕೆ ಕರೆದುಕೊಂಡು ಹೋಗಿ, ಜನ ವಾಪಸು ತಂದು ಹಾಕಿದ್ದ ಕಲ್ಲುಗಳನ್ನು ತೋರಿಸಿದರು. ಎಲ್ಲವೂ ಒಲೆ ಬೂದಿಯ ಬಣ್ಣ.

ಒಂದೊಂದನ್ನೇ ಬೆನ್ನು ಮಗುಚಿ ಬುಡ ನೋಡಿದೆ. ಬೆರಳಾಡಿಸಿದೆ. ಏಳು ಕಲ್ಲು ನೋಡಿದೆ, ಒಂದಕ್ಕೂ ಕಣ್ಣಿರಲಿಲ್ಲ.

“ಇವು ನಮ್ಮವಲ್ಲ ಬಾಷಾ ಸಾಬ್ರೆ. ಯಾವನೋ ಬಿಳಿಚುಕಲು ಕಲ್ಲಿಗೆ ಎಣ್ಣೆ, ಮಸಿ ಕುಡಿಸಿ ನಮ್ಮ ಪೆಟ್ಟಿಗೇಲಿ ಹಾಕವ್ನೆ. ಬಂದರಲ್ಲೇ ಕಲ್ಲು ಬದಲಾಗಿರ್ಬೇಕು. ಹಂಗಂತ ಹೇಳಿ.”

ಬಾಷಾ ಸಾಬರು ಹೇಳಿದರು. ಮೂರು ಕಣ್ಣಿನ ವಿಷಯವನ್ನೂ ಹೇಳಿದರು. ಹೆಲ್ಮುಟ್ ಅವರು ತಾವೂ ಬಗ್ಗಿ ಒಂದು ಕಲ್ಲಿನ ಬುಡ ಸವರಿ ನೋಡಿದರು. ಆಮೇಲೆ ಹೇಳಿದ್ದನ್ನು ಬಾಷಾ ಸಾಬರು ಹೀಗೆ ಕನ್ನಡ ಮಾಡಿದರು.

“ಆಯಪ್ಪ ಏನಂತಾನೆ ಅಂದ್ರೆ, ನಾನು ಇಷ್ಟು ವರ್ಸ ಕಲ್ಲು ನಿಲ್ಸಿದೀನಿ, ಅಂಥ ಗುರ್ತು ನೋಡಿಲ್ಲ. ತಪ್ಪಿಸ್ಕಳಕೆ ಇವತ್ತು ಕಟ್ಟಿದ ಕತೆ ಅಲ್ಲ ಅಂತ ನಾನು ಹೆಂಗೆ ನಂಬ್ಲಿ? ಹಳೇ ಕಲ್ಲಲ್ಲಿ ಒಂದ್ರಲ್ಲಾದ್ರೂ ತೋರ್ಸಿ, ಅಂತಾನೆ.”

ಅವರು ಕೇಳಿದ್ದು ನ್ಯಾಯವೇ. ತೋರಿಸುವುದು ಹೇಗೆ ಎಂಬುದೇ ಕಷ್ಟ. ನಿಲ್ಲಿಸಿದ ಕಲ್ಲಿನ ಬುಡವೆಲ್ಲ ಸಿಮೆಂಟಿನೊಳಗೆ ಹೋಗಿರುತ್ತದೆ, ಕಣ್ಣೂ ಅದರೊಳಗೇ ಹೂತಿರುತ್ತದೆ. ಗುಟ್ಟಿನಲ್ಲಿ ಇರಲಿ ಎಂದು ಬುಡಕ್ಕೆ ಇಟ್ಟ ನಮ್ಮ ಬುದ್ಧಿಯನ್ನು ನಾನೇ ಬೈದುಕೊಂಡೆ. ಯಾರದೋ ಗೋರಿ ಅಗೆದು ತೋರಿಸಿ ಎನ್ನುವುದಕ್ಕೆ ಬಾಯಿ ಬರುತ್ತದೆಯೇ?

ಹೆಲ್ಮುಟ್ ಅವರು ಹಣೆ ಉಜ್ಜಿಕೊಂಡು ಯೋಚಿಸುತ್ತಿದ್ದವರು ತಟ್ಟನೆ ಒಂದು ಊರಿನ ಹೆಸರು ಹೇಳಿದರು. ನೆಲದಡಿಯ ಕಲ್ಲಿದ್ದಲಿಗಾಗಿ ಖಾಲಿ ಮಾಡಿಸುತ್ತಿದ್ದ ಊರು ಅದು. ಜನ ಮನೆ ಬಿಟ್ಟು ಹತ್ತು ಮೈಲಿ ಆಚೆ ಕಟ್ಟಿದ ಹೊಸ ಊರಿಗೆ ಹೋಗಿದ್ದಾರೆ, ಸತ್ತವರನ್ನೂ ಒಬ್ಬೊಬ್ಬರನ್ನಾಗಿ ಎತ್ತಿ ಸಾಗಿಸುತ್ತಿದ್ದಾರೆ. ಊರು ಹೋಗುವುದು ಬಹಳ ಹಿಂದೆಯೇ ಗೊತ್ತಿದ್ದ ಕಾರಣ, ಅಲ್ಲಿ ನಮ್ಮ ಮೊದಮೊದಲ ಕಲ್ಲೊಂದನ್ನು ಸಿಮೆಂಟ್ ಹಾಕದೆ ಬರೀ ಮರಳಿನ ಪೀಠದ ಮೇಲೆ ನಿಲ್ಲಿಸಿದ್ದರಂತೆ. ಎತ್ತುವಾಗ ಮುರಿಯದಿರಲಿ ಎಂದು. ನಾಳೆ ಬೆಳಿಗ್ಗೆ ಆ ಸಾಲನ್ನು ಎತ್ತುತ್ತಾರೆ, ಹೊಸ ಊರಿನಲ್ಲಿ ಅದಕ್ಕೂ ಸಿಮೆಂಟು ಬೀಳುತ್ತದೆ. ನೋಡುವುದಾದರೆ ಇವತ್ತೇ.

“ನಡೀರಿ,” ಅಂದೆ.

ದಾರಿ ಮುಗಿದ ಊರು

ಅವರ ಕೆಲಸ ಮುಗಿಯುವಾಗ ನಾಲ್ಕು ಗಂಟೆ. ನಮ್ಮಲ್ಲಿ ದನ ಇನ್ನೂ ಮೇಯುತ್ತಿರುವ ಹೊತ್ತು, ಅಲ್ಲಿ ಆಗಲೇ ದೀಪ ಹಚ್ಚಿದ್ದರು. ಹೆಲ್ಮುಟ್ ಅವರಿಗೆ ಗೊತ್ತಿದ್ದ ರಸ್ತೆ ಒಂದು ಕಡೆ ಇದ್ದಕ್ಕಿದ್ದಂತೆ ನಿಂತಿತು. ಮುಂದೆ ತಂತಿಬೇಲಿ, ಬೇಲಿಯಾಚೆ ಕಲ್ಲಿದ್ದಲಿಗೆ ತೋಡಿದ ಹಳ್ಳ. ಹಳ್ಳವೆಂದರೆ ನಮ್ಮ ಕಡೆಯ ಬೋರನಕಣಿವೆ ಕೆರೆಯನ್ನೇ ತಂದು ಸುರಿದರೂ ತುಂಬದಷ್ಟು. ಅದರೊಳಗೆ ದೂರದಲ್ಲಿ ಒಂದು ಯಂತ್ರ, ಮೈತುಂಬ ದೀಪ ಹೊತ್ತುಕೊಂಡು ಮಣ್ಣು ಕೆರೆಯುತ್ತಿತ್ತು. ಸದ್ದು ಕಿವಿಗಿಂತ ಮೊದಲು ಕಾಲಿಗೆ ತಿಳಿಯುತ್ತಿತ್ತು. ಮೆಕ್ಯಾನಿಕ್ ಆದ ಬಾಷಾ ಸಾಬರು ಬೇಲಿ ಹಿಡಿದು ನಿಂತವರು ಅಲುಗಲಿಲ್ಲ.

“ಇಂಥದ್ದಕ್ಕೆ ಗ್ರೀಸು ಹಾಕೋಕೇ ಒಂದೂರು ಜನ ಬೇಕು ಕಣಕ್ಕ,” ಅಂದರು.

ವ್ಯಾನನ್ನು ಹಿಂದಕ್ಕೆ ತಿರುಗಿಸಿ, ಹೊಲದ ದಾರಿ ಬಳಸಿ ಊರು ಸೇರುವಾಗ ಪೂರ್ತಿ ಕತ್ತಲು. ಊರು ಎಂದರೆ ಊರೇ. ಹಳ್ಳಿ ಅಲ್ಲ, ತುರುವೇಕೆರೆಯ ಪೇಟೆಬೀದಿಯಷ್ಟು ಅಗಲದ ಬೀದಿ, ಎರಡೂ ಕಡೆ ಇಟ್ಟಿಗೆ ಮನೆ. ಬೀದಿದೀಪ ಎಲ್ಲ ಉರಿಯುತ್ತಿವೆ, ಅದರಡಿ ನಡೆಯುವವರು ಇಲ್ಲ. ಕಿಟಕಿಗಳ ಮರೆ ಇಳಿದಿದೆ. ಬಸ್ ನಿಲ್ಲುವ ಕಡೆ ಬೆಂಚು, ಗೋಡೆಯಲ್ಲಿ ಬಸ್ಸಿನ ವೇಳೆ ಬರೆದ ಹಲಗೆ ಹಾಗೇ ಇದೆ. ಒಂದು ಮನೆಯ ಮುಂದೆ ಚಿಕ್ಕ ಮಕ್ಕಳ ಜೋಡಿ ಬೂಟು ಬಾಗಿಲಿಗೆ ಮುಖ ಮಾಡಿ ಇತ್ತು. ನಾನು ಹೆದರುವವಳಲ್ಲ. ಆದರೆ ಆ ಬೂಟು ನೋಡಿದ ಮೇಲೆ ಸೆರಗು ಎಳೆದು ಹೊದ್ದುಕೊಂಡೆ.

ನಮ್ಮ ತಾಯಿಯ ಕಡೆಯವರು ಹುಳಿಯಾರಿನ ಹತ್ತಿರದವರು. ಆ ಬೋರನಕಣಿವೆ ಕೆರೆ ಕಟ್ಟಿದಾಗ ನೀರಿಗೆ ಊರು ಬಿಟ್ಟುಕೊಟ್ಟು ಮೇಲಕ್ಕೆ ಬಂದವರು ಎಂದು ಅಜ್ಜಿ ಹೇಳುತ್ತಿದ್ದರು. ಒಲೆಯ ಮೂರು ಕಲ್ಲನ್ನು ಹೊತ್ತು ತಂದರಂತೆ, ಸತ್ತವರನ್ನು ತರಲಿಲ್ಲವಂತೆ. ಸತ್ತವರನ್ನೂ ಹೊತ್ತುಕೊಂಡು ಹೋಗುವ ಈ ಜನರ ಮೇಲೆ ನನಗೆ ಆ ಬೀದಿಯಲ್ಲೇ ಗೌರವ ಬಂತು.

ಕೆಂಪು ದೀಪಗಳು

ಸ್ಮಶಾನ ಚರ್ಚಿನ ಹಿಂದೆ. ಕಬ್ಬಿಣದ ಗೇಟು ದೂಡಿದಾಗ ಒಳಗೆ ಕಂಡದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ನೆಲದ ಮಟ್ಟದಲ್ಲಿ, ಕತ್ತಲಲ್ಲಿ, ಅಲ್ಲೊಂದು ಇಲ್ಲೊಂದು ಕೆಂಪು ದೀಪ. ಗಾಳಿಗೆ ಸಣ್ಣಗಾಗುತ್ತವೆ, ದೊಡ್ಡದಾಗುತ್ತವೆ. ನಮ್ಮ ಕಡೆ ಇಂಥದಕ್ಕೆ ಕೊಳ್ಳಿದೆವ್ವ ಅನ್ನುತ್ತಾರೆ. ಬಾಷಾ ಸಾಬರು ಬಾಯಲ್ಲೇ ಏನೋ ಹೇಳಿಕೊಳ್ಳತೊಡಗಿದರು, ನಾನು ಗಂಗಾಧರೇಶ್ವರನನ್ನು ನೆನೆದೆ. ಹೆಲ್ಮುಟ್ ಅವರು ನಮ್ಮಿಬ್ಬರ ಮುಖ ನೋಡಿ, ಹತ್ತಿರದ ಒಂದು ದೀಪವನ್ನು ಎತ್ತಿ ತೋರಿಸಿದರು. ಕೆಂಪು ಗಾಜಿನ ಡಬ್ಬಿಯೊಳಗೆ ಮೇಣದ ಬತ್ತಿ. ಸತ್ತವರಿಗೆ ಹಚ್ಚಿಡುವ ದೀಪ. ಇನ್ನೂ ಎತ್ತದೆ ಉಳಿದವರಿಗೆ ಮಾತ್ರ ದೀಪವಿತ್ತು. ಎತ್ತಿಹೋದ ಕಡೆಯೆಲ್ಲ ಗುಂಡಿ ಮುಚ್ಚಿದ ಹಸಿ ಮಣ್ಣು. ಕಾಲಿಟ್ಟಲ್ಲಿ ಕುಸಿಯುತ್ತಿತ್ತು.

ಹೆಲ್ಮುಟ್ ಅವರ ಬ್ಯಾಟರಿ ಎರಡು ಸಾಲು ದಾಟುವಷ್ಟರಲ್ಲಿ ಹಳದಿಯಾಗಿ, ಮೂರನೆಯ ಸಾಲಿನಲ್ಲಿ ಆರಿಹೋಯಿತು. ಅವರು ಹೆಜ್ಜೆ ಎಣಿಸಿಕೊಂಡು ನಡೆದು ಒಂದು ಕಲ್ಲಿನ ಮುಂದೆ ನಿಂತರು. ಇದೇ ಎಂದರು.

ಆಗ ನಾನು ಒಂದು ಕೆಲಸ ಮಾಡಿದೆ. ಅದನ್ನು ಹೇಳಿದರೆ ಊರಿನಲ್ಲಿ ಯಾರೂ ನಗುವುದಿಲ್ಲ, ಅಲ್ಲಿ ಹೆಲ್ಮುಟ್ ಅವರು ಗಾಬರಿಯಾದರು. ಬೂಟು, ಕಾಲುಚೀಲ ಬಿಚ್ಚಿ ಆಚೆ ಇಟ್ಟೆ. ಮುಗಿದ ಕಲ್ಲನ್ನು ನಮ್ಮ ಶೆಡ್ಡಿನಲ್ಲಿ ಮೆಟ್ಟು ಹಾಕಿಕೊಂಡು ಯಾರೂ ಮುಟ್ಟುವುದಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಉಪ್ಪಿನ ಹಾಗೆ ಕಟ್ಟಿತ್ತು. ಅಂಗಾಲು ಮೊದಲು ಉರಿಯಿತು, ಆಮೇಲೆ ಇದೆಯೋ ಇಲ್ಲವೋ ತಿಳಿಯದಾಯಿತು. ಹೆಲ್ಮುಟ್ ಅವರು ಬೂಟು ಹಿಡಿದುಕೊಂಡು ನನ್ನ ಹಿಂದೆಯೇ ಬಂದರು.

“ಬುಡಿ ಸಾರ್, ಆಕೆ ಕೇಳಕಿಲ್ಲ,” ಎಂದು ಬಾಷಾ ಸಾಬರು ಅವರಿಗೆ ಕನ್ನಡದಲ್ಲೇ ಹೇಳಿದರು.

ಕಲ್ಲಿನ ಹಿಂದೆ ಮಂಡಿಯೂರಿ ಬುಡಕ್ಕೆ ಬಲಗೈ ಹಾಕಿದೆ. ಚಳಿಗೆ ಬೆರಳು ಮರಗಟ್ಟಿತ್ತು, ಏನೂ ಸಿಗಲಿಲ್ಲ. ಎಡ ಮೂಲೆ, ಬಲ ಮೂಲೆ, ಮತ್ತೆ ಎಡ ಮೂಲೆ. ಇದಕ್ಕೂ ಕಣ್ಣಿಲ್ಲದಿದ್ದರೆ? ಹದಿನಾಲ್ಕು ಜನ ನನ್ನನ್ನು ನಂಬಿ ಕಳಿಸಿದ್ದಾರೆ. ಎಡಗೈಯನ್ನು ಕಂಕುಳಲ್ಲಿ ಬೆಚ್ಚಗೆ ಮಾಡಿಕೊಂಡು ಇನ್ನೊಮ್ಮೆ ಹಾಕಿದೆ.

ಒಂದು ಕುಳಿ. ಪಕ್ಕದಲ್ಲಿ ಇನ್ನೊಂದು. ಮೂರನೆಯದು ಇರಬೇಕಾದಲ್ಲಿ ಇರಲಿಲ್ಲ. ಬೆರಳು ತಾನಾಗಿ ಕೆಳಕ್ಕೆ ಜಾರಿತು, ಬಲಕ್ಕೆ ವಾಲಿತು. ಅಲ್ಲಿತ್ತು.

ಮೆಳ್ಳಗಣ್ಣು. ನಾನು ಇಟ್ಟದ್ದು. ಹೊಸ ಸೊಸೆಯಾಗಿದ್ದಾಗ, ಎಲ್ಲರೆದುರಿಗೆ ಬೈಸಿಕೊಂಡ ಕೈಯಲ್ಲಿ ಇಟ್ಟದ್ದು. ಸಮುದ್ರ ದಾಟಿ ಬಂದು, ಇಷ್ಟು ಮಳೆಗಾಲ ಕಂಡು, ನನಗಾಗಿ ಕಾದಿತ್ತು. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಬಾಷಾ ಸಾಬರು ಏನಾಯಿತೆಂದು ಗಾಬರಿಯಿಂದ ಕೇಳುತ್ತಿದ್ದರು.

“ಐತೆ ಬಾಷಣ್ಣ. ಐತೆ. ನಂದೇ,” ಅಂದೆ.

ಹೆಲ್ಮುಟ್ ಅವರಿಗೆ ಕಾಣಬೇಕಲ್ಲ, ಈ ಗೋರಿಯ ದೀಪ ಆರಿತ್ತು, ಬೇರೆಯವರ ದೀಪ ಎತ್ತಿ ತರಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಸಾಲಿನ ಆ ತುದಿಯಿಂದ ಒಂದು ಕೆಂಪು ದೀಪ ನೆಲ ಬಿಟ್ಟು ಮೇಲೆದ್ದು ನಮ್ಮ ಕಡೆ ನಡೆದು ಬಂತು. ಬಾಷಾ ಸಾಬರು ನನ್ನ ಸೆರಗಿನ ತುದಿ ಹಿಡಿದುಕೊಂಡರು, ಇದನ್ನು ಅವರು ಈಗ ಇಲ್ಲ ಅನ್ನುತ್ತಾರೆ. ಹತ್ತಿರ ಬಂದಾಗ ಗೊತ್ತಾಯಿತು, ತಲೆಗೆ ಬಟ್ಟೆ ಕಟ್ಟಿದ ಒಬ್ಬ ಮುದುಕಿ, ಕೈಯಲ್ಲಿ ಹೊಸ ಬತ್ತಿ ಹಚ್ಚಿದ ಗಾಜಿನ ಡಬ್ಬಿ. ತನ್ನ ಗಂಡನ ಕಲ್ಲಿನ ಹಿಂದೆ ಯಾರೋ ಬರಿಗಾಲ ಹೆಂಗಸು ಕೂತು ಅಳುತ್ತಿರುವುದನ್ನು ನೋಡಿ ಗದರಿದರು. ಗದರುವುದಕ್ಕೆ ಭಾಷೆ ಬೇಡ, ನನಗೆ ತಿಳಿಯಿತು.

ಹೆಲ್ಮುಟ್ ಅವರು ವಿಷಯ ಹೇಳಿದರು. ಮುದುಕಿಯ ಹೆಸರು ಅನ್ನಾ. ಊರಿನಲ್ಲಿ ಇನ್ನೂ ಬಾಗಿಲು ಹಾಕದೆ ಉಳಿದಿದ್ದ ಒಂದೇ ಮನೆ ಅವರದು. ಗಂಡನನ್ನು ಎತ್ತಿದ ಮೇಲೆ ನಾನೂ ಹೋಗುತ್ತೇನೆ, ಒಬ್ಬನನ್ನೇ ಬಿಟ್ಟು ಹೋಗಲಾರೆ ಎಂದು ಹಟ ಹಿಡಿದು ಕೂತವರು.

ಅನ್ನಾ ದೀಪವನ್ನು ಕಲ್ಲಿನ ಹಿಂದೆ ಹಿಡಿದರು. ಹೆಲ್ಮುಟ್ ಅವರು ಕನ್ನಡಕ ಮೇಲೆ ಮಾಡಿ ಬಗ್ಗಿ ನೋಡಿದರು, ಬೆರಳಿಟ್ಟು ನೋಡಿದರು. ಆಮೇಲೆ ಎದ್ದು ಕಲ್ಲಿನ ಮುಂದಕ್ಕೆ ಹೋಗಿ, ದೀಪವನ್ನು ತಮ್ಮ ಗಲ್ಲದ ಹತ್ತಿರ ಹಿಡಿದುಕೊಂಡರು. ಕಪ್ಪು ಕಲ್ಲಿನೊಳಗೆ ಅವರ ಮುಖ, ಮೀಸೆಯ ಕೂದಲು ಎಣಿಸುವ ಹಾಗೆ ಕಂಡಿತು. ಒಂದು ಚೂರೂ ಬೂದಿಯಾಗಿರಲಿಲ್ಲ. ನನ್ನ ಕಡೆ ತಿರುಗಿ ಅವರು ಟೋಪಿ ತೆಗೆದರು. ಬಾಷಾ ಸಾಬರು ಕನ್ನಡ ಮಾಡುವುದಕ್ಕೆ ಹೊರಟರು, ಬೇಡ ಎಂದು ಕೈ ಮಾಡಿದೆ.

ಅನ್ನಾ ಅವರ ಮೆಟ್ಟಿಲು

ಕಾಲು ಬೆಚ್ಚಗೆ ಮಾಡಿಕೊಳ್ಳಲಿ ಎಂದು ಅನ್ನಾ ನಮ್ಮನ್ನು ಮನೆಗೆ ಕರೆದರು. ಬಾಗಿಲವರೆಗೆ ಹೋಗಿ ನಾನು ನಿಂತುಬಿಟ್ಟೆ. ಸ್ಮಶಾನಕ್ಕೆ ಹೋಗಿ ಬಂದವಳು ನೀರು ಮುಟ್ಟದೆ ಒಬ್ಬರ ಹೊಸ್ತಿಲು ದಾಟುವುದು ಹೇಗೆ? ಅವರು ಒಳಗೆ ಬಾ ಅನ್ನುತ್ತಾರೆ, ನಾನು ತಲೆ ಅಲ್ಲಾಡಿಸುತ್ತೇನೆ. ತನ್ನ ಮನೆ ಇವಳಿಗೆ ಸರಿಬರಲಿಲ್ಲವೋ ಏನೋ ಎಂದು ಅವರ ಮುಖ ಸಣ್ಣಗಾಯಿತು. ಬಾಷಾ ಸಾಬರು ತಮ್ಮ ಇಂಗ್ಲಿಷನ್ನೆಲ್ಲ ಸುರಿದು ಹೆಲ್ಮುಟ್ ಅವರಿಗೆ ಹೇಳಿದರು, ಅವರು ಅನ್ನಾಗೆ ಹೇಳಿದರು. ಅನ್ನಾ ಒಳಗೆ ಹೋಗಿ ಕೆಟಲ್ಲಿನಲ್ಲಿ ಬಿಸಿನೀರು ತಂದರು. ಮೆಟ್ಟಿಲ ಮೇಲೆ ಬಗ್ಗಿ, ನನ್ನ ಕಾಲಿಗೆ ತಾವೇ ಹೊಯ್ದರು. ನನಗಿಂತ ದೊಡ್ಡವರು, ಬೇಡ ಅಂದರೂ ಕೇಳಲಿಲ್ಲ. ಕಾಲಿಗೆ ಜೀವ ಬಂತು.

ಒಳಗೆ ಅರ್ಧ ಸಾಮಾನು ಪೆಟ್ಟಿಗೆಯಲ್ಲಿತ್ತು. ಅನ್ನಾ ಹೇಳಿದ್ದು ಬಾಷಾ ಸಾಬರವರೆಗೆ ಬಂದು ನನಗೆ ಹೀಗೆ ತಲುಪಿತು.

“ಈ ಯಮ್ಮ ಪ್ರತಿ ಶನಿವಾರ ಕಲ್ಲು ಒರಸ್ತದಂತೆ. ಆ ಮೂರು ತೂತು ಮೊದ್ಲಿಂದ ಗೊತ್ತಂತೆ. ಕಲ್ಲಿಗೆ ಏನೋ ಪೆಟ್ಟಾಗದೆ, ಹೇಳಿದ್ರೆ ಕಲ್ಲು ಬದ್ಲಾಯಿಸ್ತಾರೆ ಅಂತ ಯಾರಿಗೂ ಹೇಳ್ಲಿಲ್ವಂತೆ. ಒಗ್ಗಿಹೋಗಿತ್ತು, ಅಂತದೆ.”

ನಾನು ಚೀಲದಿಂದ ಕೊನೆಯ ಕೊಬ್ಬರಿ ಗಿಟುಕು ತೆಗೆದೆ. ಹೆಲ್ಮುಟ್ ಅವರ ಮನೆಗೆ ಕೊಟ್ಟು ಒಂದು ಉಳಿಸಿಕೊಂಡಿದ್ದೆ. ಜುಟ್ಟಿನ ನಾರು ಕಿತ್ತು ಅನ್ನಾ ಕೈಗಿಟ್ಟೆ. ಅವರ ಹೆಬ್ಬೆರಳು ಮೂರು ಕಣ್ಣಿನ ಮೇಲೆ ಓಡಾಡಿತು, ಒಂದು, ಎರಡು, ಮೂರು. ನಿಂತಿತು. ನನ್ನ ಮುಖ ನೋಡಿದರು. ಸ್ಮಶಾನದ ಕಡೆ ಕೈ ತೋರಿಸಿದರು. ಹೌದು ಎಂದು ತಲೆ ಆಡಿಸಿದೆ. ಅವರು ನಕ್ಕು, ಮೂರನೆಯ ಕಣ್ಣನ್ನು ಬೆರಳಲ್ಲಿ ಕೆಳಕ್ಕೆ ಎಳೆದ ಹಾಗೆ ಮಾಡಿ, ಯಾಕೆ ಎಂದು ಹುಬ್ಬಲ್ಲೇ ಕೇಳಿದರು. ನಾನು ಎಡಗೈ ಎತ್ತಿ ತೋರಿಸಿದೆ. ಜೀವನದಲ್ಲಿ ಮೊದಲ ಸಲ ಅದನ್ನು ನಾಚಿಕೆಯಿಲ್ಲದೆ ಎತ್ತಿದ್ದೆ.

ಹೆಲ್ಮುಟ್ ಅವರು ಬ್ರೆಡ್ಡು ಮುರಿಯುತ್ತ ಎರಡು ಮಾತು ಹೇಳಿದರು. ಬಂದರಿನಲ್ಲಿ ಕಲ್ಲು ಬದಲಿಸಿದವನು ಯಾರೆಂದು ತಾವೂ ಹುಡುಕಿಸುತ್ತೇವೆ, ಕಲ್ಲು ಎಂದಿನಂತೆ ಬರಲಿ. ಎರಡನೆಯದು, ಇನ್ನು ಮುಂದೆ ಕಣ್ಣನ್ನು ಒಂದು ಗೇಣು ಮೇಲೆ ಇಡಿ, ಸಿಮೆಂಟಿನಲ್ಲಿ ಹೂತುಹೋಗುವುದು ಬೇಡ.

ಮತ್ತೆ ಶೆಡ್ಡು

ನಾವು ಬಂದ ಸಂಜೆ ಹದಿನಾಲ್ಕು ಜನವೂ ಮನೆಗೆ ಹೋಗದೆ ಕಾದಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಬಾಷಾ ಸಾಬರು ನಡುನಡುವೆ ಯಂತ್ರದ ಗಾತ್ರವನ್ನು ದೊಡ್ಡದು ಮಾಡುತ್ತ ಹೋದರು. ಮಾವನವರು ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅವರಿಗೆ ಈಗ ಕೈ ನಡುಗುತ್ತದೆ. ಕಣ್ಣು ಇಡುವಾಗ ಎರಡು ಸಲ ಬೆರಳು ಜಜ್ಜಿಕೊಂಡಿದ್ದರು, ಆದರೂ ಚಾಣ ಬಿಟ್ಟುಕೊಟ್ಟಿರಲಿಲ್ಲ. ಎಲ್ಲರ ಮಾತು ಮುಗಿದ ಮೇಲೆ ಅವರೊಂದು ಪ್ರಶ್ನೆ ಕೇಳಿದರು.

“ಮೂರ್ನೇದು ಇನ್ನೂ ವಾರೇನೇ ಐತಾ?”

“ವಾರೇನೇ ಐತೆ ಮಾವಾ.”

“ಅದನ್ನ ನೋಡಿ ಒಪ್ಕಂಡ್ರಾ?”

“ಒಪ್ಕಂಡ್ರು.”

ಮಾವನವರು ಕಣ್ಣು ಬಿಟ್ಟು ನನ್ನ ಕೈಯನ್ನೊಮ್ಮೆ ನೋಡಿದರು. ಆಮೇಲೆ ಸೊಂಟದ ಚೀಲ ಬಿಚ್ಚಿ, ಚಾಣವನ್ನೂ ಸಣ್ಣ ಸುತ್ತಿಗೆಯನ್ನೂ ತೆಗೆದು ನನ್ನ ಮುಂದೆ ಇಟ್ಟರು. ಮಾರನೆಯ ದಿನ ಹೋಗಬೇಕಾದ ಕಲ್ಲೊಂದು ಬೆನ್ನು ಮೇಲಾಗಿ ಮಲಗಿತ್ತು. ನಾನು ಬುಡದಿಂದ ಒಂದು ಗೇಣು ಅಳೆದುಕೊಂಡೆ. ಹಿರಿಯರ ಎದುರಿಗೆ ಬೇಡವೆಂದು ಸುತ್ತಿಗೆಯನ್ನು ಬಲಗೈಗೆ ತೆಗೆದುಕೊಂಡೆ. ಪೆಟ್ಟು ಹಾಕುವ ಮೊದಲು ಹಿಂದಿನಿಂದ ಅವರ ದನಿ ಬಂತು.

“ಆ ಕೈ ಅಲ್ಲ ಕಣವ್ವ. ಎಡಗೈಲಿ ಹಿಡ್ಕ.”